ಮಾದರಿ ರೈಲಿಗೆ ‘ಕೂಲ್’ ಬೆಳಕು: ಬಲ್ಬಿನ ಪೆಟ್ಟಿಗೆಯನ್ನು ನಂಬಬಹುದೆ?

ಆಲ್ದೂರಿನಲ್ಲಿ ರೈಲು ಹಳಿ ಇಲ್ಲ. ಹತ್ತಿರದ ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಇಲ್ಲಿನ ಶಾಲೆಯೊಂದರ ಕೋಣೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮಾದರಿ ರೈಲು ಮಾಡಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. 57 ಸುರಂಗಗಳಿರುವ, 50 ಮೀಟರಿಗೆ 1 ಮೀಟರ್ ಏರುವ ಆ ದಾರಿಯ ಒಂದು ತುಣುಕನ್ನು ಥರ್ಮೋಕೋಲಿನಲ್ಲಿ ಕೊರೆದು, ಬಣ್ಣ ಬಳಿದು, ಮರಗಿಡ ನೆಡಲು ಮಕ್ಕಳು ತಿಂಗಳುಗಟ್ಟಲೆ ದುಡಿಯುತ್ತಾರೆ. ಬೆಳಕಿನ ಯೋಚನೆ ಬರುವುದು ಮಾತ್ರ ಪ್ರದರ್ಶನದ ಹಿಂದಿನ ದಿನ!

ಆಗ ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ನಡೆಯುತ್ತದೆ. ಶಾಮಿಯಾನದವರಿಂದ 500 ವ್ಯಾಟ್ ಹ್ಯಾಲೊಜೆನ್ ದೀಪ ತರುವುದು ಮೊದಲನೆಯದು. ಥರ್ಮೋಕೋಲ್ 100 ಡಿಗ್ರಿ ಸೆಲ್ಸಿಯಸ್ ತಲುಪುವ ಮೊದಲೇ ಮೆತ್ತಗಾಗುತ್ತದೆ. ಬೆಂಕಿಯೂ ಬೇಗ ಹಿಡಿಯುತ್ತದೆ. ಈ ತಪ್ಪು ದೀಪದ ಮುಂದೆ ಕೈ ಹಿಡಿದ ಕೂಡಲೇ ತಿಳಿಯುತ್ತದೆ. ಎರಡನೆಯದು, ಅಂಗಡಿಗೆ ಹೋಗಿ ‘ಕೂಲ್’ ಎಂದು ಬರೆದ ಬಲ್ಬು ಕೇಳಿ ತಂದು ನಿಶ್ಚಿಂತರಾಗುವುದು. ನನ್ನ ತಕರಾರು ಮುಖ್ಯವಾಗಿ ಇದರ ಬಗ್ಗೆ.

ಪೆಟ್ಟಿಗೆಯ ಮೇಲಿನ ‘ಕೂಲ್’ ಬಣ್ಣಕ್ಕೆ ಸಂಬಂಧಿಸಿದ್ದು, ಶಾಖಕ್ಕಲ್ಲ. ‘ಕೂಲ್ ಡೇಲೈಟ್’ ಎಂದರೆ ಸುಮಾರು 6500 ಕೆಲ್ವಿನ್ ವರ್ಣ ತಾಪದ ನೀಲಿ ಛಾಯೆಯ ಬಿಳಿ. ‘ವಾರ್ಮ್’ ಎಂದರೆ ಸುಮಾರು 2700 ಕೆಲ್ವಿನ್‌ನ ಹಳದಿ ಬಿಳಿ. ಕಪ್ಪುಕಾಯ ಬಿಸಿಯಾದಷ್ಟೂ ಅದರ ಬೆಳಕು ನೀಲಿಯತ್ತ ಸರಿಯುತ್ತದೆ. ಅಂದರೆ ವ್ಯಾಪಾರಿಗಳು ‘ತಂಪು’ ಎನ್ನುವುದು ಭೌತವಿಜ್ಞಾನದ ಲೆಕ್ಕದಲ್ಲಿ ಹೆಚ್ಚಿನ ಉಷ್ಣತೆ! ತರಗತಿಯಲ್ಲಿ ಈ ಗೊಂದಲವನ್ನೇ ಪಾಠವಾಗಿಸಬಹುದು.

ಹಾಗಾದರೆ ಏನನ್ನು ನೋಡಬೇಕು? ಲ್ಯೂಮೆನ್. ಮಾದರಿಯ ಮೇಜು 2.4 ಮೀಟರ್ ಉದ್ದ, 1.2 ಮೀಟರ್ ಅಗಲ ಇದ್ದರೆ ವಿಸ್ತೀರ್ಣ 2.88 ಚದರ ಮೀಟರ್. 500 ಲಕ್ಸ್ ಬೆಳಕು ಬೇಕೆಂದರೆ ಮೇಜಿನ ಮೇಲೆ 1440 ಲ್ಯೂಮೆನ್ ಬೀಳಬೇಕು. ಗೋಡೆ, ಮಾಡುಗಳ ಪಾಲಿಗೆ ಅರ್ಧ ಹೋಗುವುದೆಂದುಕೊಂಡರೆ ದೀಪಗಳು ಸುಮಾರು 2900 ಲ್ಯೂಮೆನ್ ಕೊಡಬೇಕು. 60 ವ್ಯಾಟಿನ ಹಳೆಯ ತಂತು ಬಲ್ಬು ಕೊಡುವುದು ಸುಮಾರು 700. ನಾಲ್ಕು ಬೇಕು, 240 ವ್ಯಾಟ್. 2015ರಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯಿಂದ ನಮ್ಮ ಮನೆಗಳಿಗೆ ಪರಿಚಿತವಾದ 9 ವ್ಯಾಟ್ ಎಲ್‌ಇಡಿ ಬಲ್ಬಿನಂಥವು ನಾಲ್ಕು ಸಾಕು, ಬೆಳಕು ತುಸು ಹೆಚ್ಚೇ, 36 ವ್ಯಾಟ್. ಮಳೆಗಾಲದಲ್ಲಿ ಕರೆಂಟು ಹೋದರೆ ಯುಪಿಎಸ್ ಮೇಲೂ ಬಹಳ ಹೊತ್ತು ನಡೆಯುತ್ತದೆ.

ಎಲ್‌ಇಡಿ ಪಕ್ಷಪಾತಿಗಳಿಗೂ ಒಂದು ಮಾತು. ಉಳಿದದ್ದು 204 ವ್ಯಾಟ್. ಸುಮ್ಮನೆ ಕುಳಿತ ಮನುಷ್ಯನೂ ಸುಮಾರು 100 ವ್ಯಾಟ್ ಶಾಖ ಹೊರಸೂಸುತ್ತಾನೆ. ಎಂದರೆ, ಇಬ್ಬರು ಮಕ್ಕಳನ್ನು ಹೊರಗೆ ಕಳಿಸಿದಷ್ಟೇ ತಂಪು! ಇಪ್ಪತ್ತು ಮಕ್ಕಳು ಸೇರಿದ ಕೋಣೆಗೆ ಕಿಟಕಿ ತೆರೆಯುವುದೇ ಮದ್ದು. ನಿಜವಾದ ಲಾಭ ಮಾದರಿಗೆ. ತಂತು ಬಲ್ಬು ಅವಕೆಂಪು ಕಿರಣಗಳನ್ನು ಬೆಳಕಿನೊಡನೆ ನೇರವಾಗಿ ಪ್ಲಾಸ್ಟಿಕ್ಕಿನ ಮೇಲೆ ಸುರಿಯುತ್ತದೆ. ಎಲ್‌ಇಡಿಯ ಶಾಖ ಹಿಂದಕ್ಕೆ, ಅದರ ಬುಡಕ್ಕೆ ಹರಿಯುತ್ತದೆ. ಆದ್ದರಿಂದಲೇ ಗಾಳಿಯಾಡದ ಗಾಜಿನ ಬುರುಡೆಯೊಳಗೆ ಹಾಕಿದ ಎಲ್‌ಇಡಿ ಬಾಳಿಕೆ ಬರುವುದಿಲ್ಲ.

ನಿಲ್ದಾಣದ ಒಳಗಿನ ಪುಟ್ಟ ದೀಪಗಳಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಗೋಧಿ ಕಾಳಿನಷ್ಟು ಗಾತ್ರದ ತಂತು ಬಲ್ಬು 12 ವೋಲ್ಟಿನಲ್ಲಿ 50 ಮಿಲಿಆಂಪಿಯರ್ ಎಳೆದರೆ 0.6 ವ್ಯಾಟ್, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದು ಸಣ್ಣದಲ್ಲ. ಬಿಳಿ ಎಲ್‌ಇಡಿಗೆ 3 ವೋಲ್ಟ್ ಸಾಕು. ಉಳಿದ 9 ವೋಲ್ಟಿಗೆ 1 ಕಿಲೊಓಮ್ ರೋಧಕವನ್ನು ಸರಣಿಯಲ್ಲಿ ಜೋಡಿಸಿ: ಪ್ರವಾಹ 9 ಮಿಲಿಆಂಪಿಯರ್, ಒಟ್ಟು 0.11 ವ್ಯಾಟ್.

ಇನ್ನು ಬಣ್ಣ. ಅಗ್ಗದ ಎಲ್‌ಇಡಿಗಳ ದೊಡ್ಡ ಕೊರತೆ ಕೆಂಪು. ಹೆಂಚಿನ ಮಾಡು, ಕೆಮ್ಮಣ್ಣಿನ ದಿಬ್ಬ ಎಲ್ಲವೂ ಅವುಗಳ ಕೆಳಗೆ ಪೇಲವವಾಗುತ್ತವೆ. ಸಿಆರ್‌ಐ ಎಂಬ ಸೂಚ್ಯಂಕ 90 ಅಥವಾ ಹೆಚ್ಚು, ವರ್ಣ ತಾಪ 4000ರಿಂದ 5000 ಕೆಲ್ವಿನ್ ಇರುವುದನ್ನು ಕೇಳಿ ಕೊಳ್ಳಿ, ಬೆಲೆ ತುಸು ಹೆಚ್ಚಾದರೂ. ಪರೀಕ್ಷೆ ನಿಮ್ಮ ಹಿತ್ತಲಲ್ಲೇ ಇದೆ. ಕೊಯ್ಲಿನ ಕಾಲದಲ್ಲಿ ಒಂದು ಹಿಡಿ ಕಾಫಿ ಹಣ್ಣನ್ನು ಎಲೆಯ ಸಮೇತ ತಂದು ಕಿಟಕಿಯ ಬಳಿ ನೋಡಿ, ಆಮೇಲೆ ಬಲ್ಬಿನ ಕೆಳಗೆ ನೋಡಿ. ಹಣ್ಣು ಕಂದಿದಂತೆ ಕಂಡರೆ ಆ ಬಲ್ಬು ಜಗಲಿಗೆ ಇರಲಿ.

ತಂತು ಬಲ್ಬಿನ ಒಂದು ಉಪಕಾರವನ್ನು ಮಾತ್ರ ಮರೆಯಬಾರದು. ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನೊಳಗೆ ಬಲ್ಬು ಉರಿಸಿ ಬೂಷ್ಟು ತಡೆಯುವುದು ನಮ್ಮಲ್ಲಿ ಹಳೆಯ ರೂಢಿ. ಎಲ್‌ಇಡಿ ಹಾಕಿದ ಕೋಣೆಯಲ್ಲಿ ಆ ಶಾಖ ಇಲ್ಲ. ಇಂಜಿನ್ನು, ಬೋಗಿಗಳನ್ನು ಜೂನ್ ಬರುವ ಮೊದಲೇ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಜೆಲ್ ತೇವ ಹೀರಿ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಯದಾಗಿರಬಾರದು.