ಬೆರ್ನಾಲ್ ದಿಯಾಸನ ‘ನಿಜಚರಿತ್ರೆ’: ಒಂದು ವಿಮರ್ಶೆ

೧

ಇತಿಹಾಸಗ್ರಂಥವೊಂದು ತನ್ನ ಹೆಸರಿನಲ್ಲಿಯೇ ‘ನಿಜ’ವೆಂಬ ವಿಶೇಷಣವನ್ನು ಧರಿಸಿ ಹೊರಟರೆ, ಅದು ಯಾರೊಡನೆಯೋ ವಾದಕ್ಕೆ ನಿಂತಿದೆಯೆಂದೇ ವಾಚಕನು ತಿಳಿಯಬೇಕು. ಬೆರ್ನಾಲ್ ದಿಯಾಸ್ ದೆಲ್ ಕಾಸ್ತಿಯೊ ಎಂಬ ಸ್ಪೇನಿನ ಸೈನಿಕನು ಬರೆದ ‘ನೂತನ ಸ್ಪೇನಿನ ವಿಜಯದ ನಿಜಚರಿತ್ರೆ’ ಅಂತಹ ಗ್ರಂಥ. ೧೫೧೯ರಿಂದ ೧೫೨೧ರವರೆಗೆ ಎರ್ನಾನ್ ಕೊರ್ತೆಸನ ನಾಯಕತ್ವದಲ್ಲಿ ನಡೆದ ಮೆಕ್ಸಿಕೋ ದಂಡಯಾತ್ರೆಯಲ್ಲಿ ಪಾಲ್ಗೊಂಡಿದ್ದ ಈತನು, ಹಲವು ದಶಕಗಳ ತರುವಾಯ ಗ್ವಾಟೆಮಾಲದಲ್ಲಿ ನೆಲಸಿ, ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಬರೆಹಕ್ಕಿಳಿಸಿದನು. ಹಸ್ತಪ್ರತಿಯು ೧೫೭೫ರಲ್ಲಿ ಸ್ಪೇನಿಗೆ ಹೋಯಿತು. ಗ್ರಂಥಕರ್ತನು ೧೫೮೪ರಲ್ಲಿ ತೀರಿಕೊಂಡನು. ಗ್ರಂಥವು ಅಚ್ಚಾದದ್ದು ೧೬೩೨ರಲ್ಲಿ.

ಈ ಕೃತಿಯನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಕಣ್ಣಾರೆ ಕಂಡವನ ಮಾತಾದುದರಿಂದ ಇದು ಪ್ರಮಾಣವೆನ್ನುವುದು ಒಂದು. ಗೆದ್ದವನ ಮಾತಾದುದರಿಂದ ಇದು ತ್ಯಾಜ್ಯವೆನ್ನುವುದು ಇನ್ನೊಂದು. ಇವೆರಡೂ ಓದುವ ಶ್ರಮವನ್ನು ತಪ್ಪಿಸಿಕೊಳ್ಳುವ ಮಾರ್ಗಗಳೆಂದು ನಮ್ಮ ಅಭಿಪ್ರಾಯ. ಈ ಗ್ರಂಥವು ಯಾವ ಅಗತ್ಯದಿಂದ ಹುಟ್ಟಿತು, ಆ ಅಗತ್ಯವು ಅದರ ಸತ್ಯವನ್ನು ಎಲ್ಲಿ ಬೆಳಗಿಸಿತು, ಎಲ್ಲಿ ಮಬ್ಬಾಗಿಸಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ಬೆರ್ನಾಲನನ್ನು ತಿಳಿಯಬೇಕಾದರೆ ಮೊದಲು ಅವನ ನಾಯಕನ ಬರೆಹವನ್ನು ನೋಡಬೇಕು. ಕೊರ್ತೆಸನು ಸ್ಪೇನಿನ ದೊರೆ ಐದನೆಯ ಚಾರ್ಲ್ಸನಿಗೆ ಬರೆದ ಪತ್ರಗಳಲ್ಲಿ ಎರಡನೆಯದು ಅತ್ಯಂತ ಪ್ರಸಿದ್ಧವಾದುದು. ೧೫೨೦ರ ಅಕ್ಟೋಬರ್ ೩೦ರಂದು ಬರೆದ ಈ ಪತ್ರವು ೧೫೨೨ರಲ್ಲಿಯೇ ಸೆವಿಯ ನಗರದಲ್ಲಿ ಮುದ್ರಣವಾಯಿತು. ಆಗ ಕೊರ್ತೆಸನ ಸ್ಥಿತಿಯು ಸಂಕಟದ್ದಾಗಿತ್ತು. ಆತನನ್ನು ಕಳುಹಿಸಿದ್ದವನು ಕ್ಯೂಬಾ ದ್ವೀಪದ ಅಧಿಕಾರಿ ದಿಯೆಗೋ ವೆಲಾಸ್ಕೆಸ್. ಆತನ ಆಜ್ಞೆಯನ್ನು ಮೀರಿ ಕೊರ್ತೆಸನು ಒಳನಾಡಿಗೆ ನುಗ್ಗಿದ್ದನು. ಈ ಅವಿಧೇಯತೆಗೆ ಕಾನೂನಿನ ಹೊದಿಕೆಯಾಗಿ ವೇರಾ ಕ್ರೂಸ್ ಎಂಬ ಪಟ್ಟಣವನ್ನು ಸ್ಥಾಪಿಸಿ, ಅದರ ಪೌರಸಭೆಯಿಂದಲೇ ತನಗೆ ಅಧಿಕಾರವನ್ನು ಕೊಡಿಸಿಕೊಂಡಿದ್ದನು. ಇದರ ಮೇಲೆ, ೧೫೨೦ರ ಜೂನ್ ೩೦ರ ರಾತ್ರಿ ರಾಜಧಾನಿಯಾದ ತೆನೋಚ್ತಿತ್ಲಾನದಿಂದ ಆತನ ಸೇನೆಯು ಅಪಾರ ನಷ್ಟವನ್ನು ಅನುಭವಿಸಿ ಓಡಿಬಂದಿತ್ತು.

ಈ ಸನ್ನಿವೇಶದಲ್ಲಿ ದೊರೆಗೆ ಏನನ್ನು ತಿಳಿಸುವುದು? ಪತ್ರದಲ್ಲಿ ಮೆಕ್ಸಿಕೋದ ಅರಸು ಮೊಕ್ತೆಸೂಮನು ಒಂದು ಭಾಷಣ ಮಾಡುತ್ತಾನೆ. ತಮ್ಮ ಪೂರ್ವಜರು ಹೊರಗಿನಿಂದ ಬಂದವರು. ಅವರನ್ನು ಕರೆತಂದ ಒಡೆಯನು ಹಿಂದಿರುಗಿ ಹೋದನು. ಆತನ ವಂಶದವರು ಎಂದಾದರೂ ಬಂದು ಈ ನಾಡನ್ನು ಆಳುವರೆಂಬ ನಂಬಿಕೆ ತಮ್ಮಲ್ಲಿದೆ. ಸೂರ್ಯೋದಯದ ದಿಕ್ಕಿನಿಂದ ಬಂದ ನಿಮ್ಮ ದೊರೆಯೇ ಆ ಒಡೆಯನಿರಬೇಕು ಎಂಬುದು ಅದರ ತಾತ್ಪರ್ಯ. ನಿಜವಾಗಿ ಇಂತಹ ಮಾತನ್ನು ಅರಸನು ಆಡಿದ್ದರೆ, ಆ ನಾಡು ಅಂದಿನಿಂದಲೇ ಚಾರ್ಲ್ಸನದಾಯಿತು. ಅನಂತರದ ಪ್ರತಿಭಟನೆಯು ಸ್ವರಕ್ಷಣೆಯಾಗದೆ ರಾಜದ್ರೋಹವಾಯಿತು. ಅದನ್ನು ಅಡಗಿಸಹೊರಟ ಕೊರ್ತೆಸನು ದಂಗೆಕೋರನಾಗದೆ ರಾಜಸೇವಕನಾದನು. ಒಂದೇ ಭಾಷಣದಿಂದ ಮೂರು ಕಾರ್ಯಗಳು ಸಾಧಿತವಾಗುತ್ತವೆ. ಇಷ್ಟು ಅನುಕೂಲವಾದ ಸಾಕ್ಷ್ಯವನ್ನು ಯಾವ ನ್ಯಾಯಾಧೀಶನೂ ಸಂದೇಹವಿಲ್ಲದೆ ಸ್ವೀಕರಿಸಲಾರನು. ಈ ಮಾತುಗಳು ಕೊರ್ತೆಸನಿಗೆ ತಲಪಿದ ದಾರಿಯನ್ನೂ ಇಲ್ಲಿ ನೆನೆಯಬೇಕು. ನಾವಾತ್ಲ್ ಮತ್ತು ಮಾಯಾ ಭಾಷೆಗಳನ್ನು ಬಲ್ಲ ಮಲಿಂತ್ಸಿನ್ ಎಂಬ ಸ್ತ್ರೀಯೂ, ಮಾಯಾ ಮತ್ತು ಸ್ಪ್ಯಾನಿಷ್ ಬಲ್ಲ ಆಗಿಲಾರ್ ಎಂಬವನೂ ಅವನ ದುಭಾಷಿಗಳು. ಅತಿಥಿಯ ಮುಂದೆ ತನ್ನನ್ನು ತಗ್ಗಿಸಿಕೊಂಡು ಮಾತನಾಡುವುದು ನಾವಾತ್ಲ್ ಆಸ್ಥಾನಭಾಷೆಯ ಸೌಜನ್ಯ. ‘ಈ ಮನೆ ನಿಮ್ಮದೇ’ ಎಂದು ನಾವು ಅತಿಥಿಗೆ ಹೇಳಿದರೆ ಅದು ಕ್ರಯಪತ್ರವಾಗುವುದಿಲ್ಲವಷ್ಟೆ.

೩

ಕೊರ್ತೆಸನ ಪತ್ರಗಳನ್ನೂ ಮಾತುಗಳನ್ನೂ ಆಧರಿಸಿ, ಎಂದೂ ಅಮೆರಿಕಕ್ಕೆ ಕಾಲಿಡದ ಫ್ರಾನ್ಸಿಸ್ಕೋ ಲೋಪೆಸ್ ದೆ ಗೋಮರ ಎಂಬ ಪಾದ್ರಿಯು ೧೫೫೨ರಲ್ಲಿ ಒಂದು ಸೊಗಸಾದ ಇತಿಹಾಸವನ್ನು ಪ್ರಕಟಿಸಿದನು. ಅದರಲ್ಲಿ ವಿಜಯವೆಲ್ಲ ಒಬ್ಬನದೇ. ಬೆರ್ನಾಲನು ವಾದಕ್ಕೆ ನಿಂತದ್ದು ಈ ಗ್ರಂಥದೊಡನೆ. ಗೋಮರನ ಶೈಲಿಯನ್ನು ಕಂಡು ತನ್ನ ಒರಟು ಬರೆಹದ ಬಗೆಗೆ ನಾಚಿ ಲೇಖನಿಯನ್ನು ಕೆಳಗಿಟ್ಟೆನೆಂದೂ, ಮುಂದೆ ಓದಿದಂತೆ ಅದರ ತಪ್ಪುಗಳನ್ನು ಕಂಡು ಮತ್ತೆ ಬರೆಯತೊಡಗಿದೆನೆಂದೂ ಆತನು ತಿಳಿಸುತ್ತಾನೆ. ಅಂದಿನ ಪಂಡಿತನ ಇತಿಹಾಸಕ್ಕೆ ಪಾಮರನು ಎಸೆದ ಸವಾಲಿದು.

ಆ ಸವಾಲಿನಿಂದಲೇ ಈ ಕೃತಿಯ ಗುಣಗಳು ಹುಟ್ಟಿವೆ. ಒಂದು ನಿದರ್ಶನವನ್ನು ನೋಡೋಣ. ತಬಾಸ್ಕೋ ಪ್ರಾಂತದ ಯುದ್ಧದಲ್ಲಿ ಸಂತನೊಬ್ಬನು ಕುದುರೆಯೇರಿ ಬಂದು ಸ್ಪೇನಿನವರಿಗೆ ನೆರವಾದನೆಂದು ಗೋಮರನು ಬರೆದಿದ್ದಾನೆ. ತನಗೆ ಕಂಡದ್ದು ಕಂದು ಕುದುರೆಯ ಮೇಲಿದ್ದ ಫ್ರಾನ್ಸಿಸ್ಕೋ ದೆ ಮೊರ್ಲಾ ಎಂಬ ಸಂಗಡಿಗನೆಂದೂ, ಪಾಪಿಯಾದ ತಾನು ಸಂತನನ್ನು ಕಾಣುವ ಯೋಗ್ಯತೆ ಪಡೆದಿರಲಿಲ್ಲವೇನೋ ಎಂದೂ ಬೆರ್ನಾಲನು ಹೇಳುತ್ತಾನೆ. ವಿನಯದ ಮುಸುಕಿನಲ್ಲಿ ಹೊಳೆಯುವ ಈ ವ್ಯಂಗ್ಯವು ಯಾವ ಪಂಡಿತನಿಗಾದರೂ ಕೀರ್ತಿ ತರುವಂತಹುದು.

ಎರಡನೆಯ ಗುಣವು ವಿವರಗಳ ಪ್ರೀತಿ. ದಂಡಯಾತ್ರೆಯಲ್ಲಿದ್ದ ೧೬ ಕುದುರೆಗಳನ್ನು ಬಣ್ಣ, ಗುಣ, ಒಡೆಯನ ಹೆಸರು ಸಹಿತವಾಗಿ ಆತನು ಎಣಿಸುತ್ತಾನೆ. ಒಂದು ಹೆಣ್ಣು ಕುದುರೆಯು ಹಡಗಿನಲ್ಲಿಯೇ ಮರಿ ಹಾಕಿತೆಂಬುದನ್ನೂ ಮರೆಯುವುದಿಲ್ಲ. ಹೆಸರಿಲ್ಲದೆ ಸತ್ತ ಸಾಮಾನ್ಯ ಸೈನಿಕರ ಊರು, ರೂಪ, ಸಾವಿನ ಬಗೆಗಳನ್ನು ಪಟ್ಟಿ ಮಾಡುತ್ತಾನೆ. ಸೆರೆಸಿಕ್ಕ ಸಂಗಡಿಗರನ್ನು ಬಲಿಗೊಟ್ಟುದನ್ನು ಕಂಡಮೇಲೆ ಪ್ರತಿಯೊಂದು ಕಾಳಗಕ್ಕೂ ಮೊದಲು ತನ್ನನ್ನು ಭಯ ಆವರಿಸುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಸರೋವರದ ನಡುವೆ ಎದ್ದುನಿಂತ ರಾಜಧಾನಿಯನ್ನು ೧೫೧೯ರ ನವೆಂಬರಿನಲ್ಲಿ ಮೊದಲು ಕಂಡಾಗ, ಆ ನೋಟಕ್ಕೆ ಹೋಲಿಕೆಯು ಆತನಿಗೆ ‘ಅಮಾದೀಸ್’ ಎಂಬ ಅದ್ಭುತಕಥೆಯಲ್ಲಿ ಮಾತ್ರ ದೊರೆಯುತ್ತದೆ. ತಾನು ಕಂಡ ತೋಟ, ಪೇಟೆ, ಗೋಪುರಗಳೆಲ್ಲ ಈಗ ನೆಲಸಮವಾಗಿವೆಯೆಂದು ಅಲ್ಲಿಯೇ ಮರುಗುತ್ತಾನೆ. ಕೆಡವಿದ ಕೈಗಳಲ್ಲಿ ತನ್ನವೂ ಇದ್ದುವೆಂಬ ಅರಿವು ಆ ಮರುಕದೊಳಗೆ ಅಡಗಿದೆ. ಇಡೀ ಗ್ರಂಥದಲ್ಲಿ ಇದಕ್ಕಿಂತ ಆಳವಾದ ಸ್ಥಳವನ್ನು ನಾವು ಕಾಣೆವು.

ಈ ಗ್ರಂಥವನ್ನು ಬರೆದವನು ಕೊರ್ತೆಸನೇ ಎಂದು ಫ್ರಾನ್ಸಿನ ವಿದ್ವಾಂಸ ಕ್ರಿಸ್ತಿಯಾನ್ ದುವೆರ್ಜೆಯು ೨೦೧೩ರಲ್ಲಿ ವಾದಿಸಿದನು. ತಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ನಾಯಕನು ಚಿನ್ನವನ್ನು ಹಂಚುವಾಗ ಮಾಡಿದ ಮೋಸವನ್ನು ಕುರಿತು ಪುಟಪುಟಗಳಲ್ಲಿ ಗೊಣಗುವ ಕೃತಿಯನ್ನು ನಾಯಕನೇ ಬರೆದನೆಂಬುದು ನಮಗೂ ಸಂಭವನೀಯವಾಗಿ ತೋರುವುದಿಲ್ಲ.

೪

ಇನ್ನು ಕೃತಿಯ ಮಿತಿಗಳು. ಬೆರ್ನಾಲನು ಕೇವಲ ನಿವೃತ್ತ ಸೈನಿಕನಲ್ಲ; ಸ್ಥಳೀಯ ಜನರ ದುಡಿಮೆಯನ್ನೂ ಕಪ್ಪವನ್ನೂ ಅನುಭವಿಸುವ ಹಕ್ಕನ್ನು, ಎಂದರೆ ‘ಎನ್‌ಕೊಮಿಯೆಂದ’ವನ್ನು, ಪಡೆದಿದ್ದವನು. ೧೫೪೨ರ ನೂತನ ಶಾಸನಗಳು ಈ ಹಕ್ಕು ವಂಶಪಾರಂಪರ್ಯವಾಗಿ ನಡೆಯುವುದನ್ನು ತಡೆಯಲೆತ್ನಿಸಿದುವು. ಆ ಶಾಸನಗಳ ಹಿಂದಿದ್ದ ಮಹಾವ್ಯಕ್ತಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್. ೧೫೫೦ರಲ್ಲಿ ವಯ್ಯಾದೋಲಿದ್ ನಗರದಲ್ಲಿ ಈ ಹಕ್ಕನ್ನು ಶಾಶ್ವತಗೊಳಿಸುವ ವಿಚಾರವಾಗಿ ಸೇರಿದ ಸಭೆಯಲ್ಲಿ ಲಾಸ್ ಕಾಸಾಸನೂ ಬೆರ್ನಾಲನೂ ಇಬ್ಬರೂ ಇದ್ದರು. ಆದುದರಿಂದ ಸೈನಿಕರ ಶ್ರಮವನ್ನು ವರ್ಣಿಸುವ ಪ್ರತಿಯೊಂದು ಪುಟವೂ ದೊರೆಯ ಮುಂದಿಟ್ಟ ಅರ್ಜಿಯ ಒಂದು ಪುಟವೂ ಹೌದು. ೧೫೧೯ರ ಅಕ್ಟೋಬರಿನಲ್ಲಿ ಚೊಲೂಲ ನಗರದಲ್ಲಿ ನಡೆದ ಕಗ್ಗೊಲೆಯನ್ನು ಲಾಸ್ ಕಾಸಾಸನು ಖಂಡಿಸಿದ್ದನ್ನು ಬೆರ್ನಾಲನು ಹೆಸರೆತ್ತಿ ವಿರೋಧಿಸುವುದು ಆಕಸ್ಮಿಕವಲ್ಲ. ಆ ಕೊಲೆಯು ಅನ್ಯಾಯವಾದರೆ ಅರ್ಜಿಯ ಬುನಾದಿಯೇ ಕುಸಿಯುತ್ತದೆ.

ತೆಪೆಯಾಕದ ಪ್ರಸಂಗವು ಇನ್ನೂ ಕಠಿನವಾದ ಪರೀಕ್ಷೆ. ೧೫೨೦ರಲ್ಲಿ ಅಲ್ಲಿ ಸೆರೆಹಿಡಿದ ಹೆಂಗಸರಿಗೂ ಮಕ್ಕಳಿಗೂ ಯುದ್ಧದ ಗುಲಾಮರೆಂಬ ಗುರುತಾಗಿ ಕಾಯಿಸಿದ ಕಬ್ಬಿಣದಿಂದ ಮುದ್ರೆಯೊತ್ತಲಾಯಿತು. ಬೆರ್ನಾಲನು ಇದನ್ನು ಮರೆಮಾಚುವುದಿಲ್ಲ, ಸಿಟ್ಟಿನಿಂದಲೇ ಬರೆಯುತ್ತಾನೆ. ಆದರೆ ಆತನ ಸಿಟ್ಟು ಮುದ್ರೆಯೊತ್ತಿದುದಕ್ಕಲ್ಲ; ದೊರೆಯ ಐದನೆಯ ಒಂದು ಪಾಲು, ನಾಯಕನ ಪಾಲು ಎಂದು ಚೆಲುವೆಯರನ್ನೆಲ್ಲ ಮೇಲಿನವರೇ ಆರಿಸಿಕೊಂಡು, ಸೈನಿಕರಿಗೆ ಅನ್ಯಾಯ ಮಾಡಿದರೆಂಬುದಕ್ಕೆ. ಸಾಕ್ಷಿಯು ಪ್ರಾಮಾಣಿಕನಾಗಿದ್ದೂ ಕುರುಡನಾಗಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಗ್ರಂಥದ ತುಂಬ ಬರುವ ‘ನಾವು’ ಎಂಬ ಸರ್ವನಾಮವನ್ನು ಈ ಬೆಳಕಿನಲ್ಲಿ ನೋಡಬೇಕು. ಗೋಮರನ ‘ಅವನೊಬ್ಬ’ನಿಗೆ ಎದುರಾಗಿ ನಿಂತ ಈ ‘ನಾವು’ ಉದಾರವಾದುದೆಂದು ಮೊದಲು ತೋರುತ್ತದೆ. ಆದರೆ ಅದರೊಳಗೆ ಇರುವವರು ಕ್ಯೂಬಾದಿಂದ ಹೊರಟ ಸುಮಾರು ೫೦೦ ಮಂದಿ ಸೈನಿಕರು ಮತ್ತು ಅನಂತರ ಬಂದು ಕೂಡಿಕೊಂಡ ಸ್ಪೇನಿನವರು. ೧೫೨೧ರ ಆಗಸ್ಟ್ ೧೩ರಂದು ರಾಜಧಾನಿಯು ಬೀಳುವವರೆಗೆ ಮುತ್ತಿಗೆಯ ಭಾರವನ್ನು ಹೊತ್ತ ತ್ಲಷ್ಕಾಲ ಮೊದಲಾದ ರಾಜ್ಯಗಳ ಸಾವಿರಾರು ಯೋಧರು ಕಥೆಯಲ್ಲಿ ಆಗಾಗ ಕಾಣಿಸಿಕೊಂಡರೂ ‘ನಾವು’ ಆಗುವುದಿಲ್ಲ. ಅಂತೆಯೇ ೧೫೨೦ರಲ್ಲಿ ಹಬ್ಬಿ ನಗರವನ್ನು ಒಳಗಿನಿಂದ ಕೊರೆದ ಸಿಡುಬು ಕೂಡ ಕಥೆಯ ಅಂಚಿನಲ್ಲಿಯೇ ಉಳಿಯುತ್ತದೆ. ಬೆರಳೆಣಿಕೆಯ ವೀರರು ಸಾಮ್ರಾಜ್ಯವೊಂದನ್ನು ಗೆದ್ದರೆಂಬ ಪ್ರತೀತಿಗೆ ಈ ಸರ್ವನಾಮವೂ ಒಂದು ಮೂಲ.

೫

ಹಾಗಾದರೆ ಆ ನಾಡಿನವರ ಬರೆಹಗಳಲ್ಲಿ ಶುದ್ಧ ಸತ್ಯವು ದೊರೆಯುವುದೇ? ತ್ಲಷ್ಕಾಲದವರು ಸುಮಾರು ೧೫೫೨ರಲ್ಲಿ ಬಟ್ಟೆಯ ಮೇಲೆ ಬರೆಸಿದ ಚಿತ್ರಪಟದಲ್ಲಿ ತಮ್ಮ ಯೋಧರನ್ನು ಸ್ಪೇನಿನವರಿಗೆ ಸರಿಸಮನಾಗಿ ನಿಲ್ಲಿಸಿದ್ದಾರೆ; ಮಲಿಂತ್ಸಿನ್ ಅಲ್ಲಿ ದೃಶ್ಯಗಳ ಕೇಂದ್ರದಲ್ಲಿಯೇ ನಿಂತಿದ್ದಾಳೆ. ಆದರೆ ೧೫೧೯ರ ಸೆಪ್ಟೆಂಬರಿನಲ್ಲಿ ಅವರೇ ಕೊರ್ತೆಸನ ಮೇಲೆ ಯುದ್ಧ ಮಾಡಿದ ಸಂಗತಿಯನ್ನು ಆ ಪಟವು ಬಿಟ್ಟುಬಿಡುತ್ತದೆ. ಅದೂ ಸವಲತ್ತುಗಳಿಗಾಗಿ ದೊರೆಗೆ ಸಲ್ಲಿಸಬೇಕಾಗಿದ್ದ ಅರ್ಜಿಯೇ.

ಬೆರ್ನಾರ್ದಿನೋ ದೆ ಸಾಆಗುನ್ ಎಂಬ ಪಾದ್ರಿಯು ನಾವಾತ್ಲ್ ಬಲ್ಲ ವಿದ್ಯಾವಂತರ ನೆರವಿನಿಂದ ಸಿದ್ಧಪಡಿಸಿದ, ಈಗ ಫ್ಲಾರೆನ್ಸಿನಲ್ಲಿರುವ, ಮಹಾಕೋಶದ ಹನ್ನೆರಡನೆಯ ಪುಸ್ತಕವು ಸೋತವರ ಕಥನ. ಮುತ್ತಿಗೆಯ ದಿನಗಳ ಅದರ ವರ್ಣನೆಯು ಹೃದಯವಿದ್ರಾವಕವಾದುದು. ಅದರ ಮೊದಲ ಭಾಗದಲ್ಲಿ ಅಪಶಕುನಗಳಿಗೆ ಬೆದರಿ, ಬಂದವನು ಕೆತ್ಸಾಲ್‌ಕೋವಾತ್ಲ್ ದೇವನೇ ಎಂದು ನಡುಗುವ ಮೊಕ್ತೆಸೂಮನಿದ್ದಾನೆ. ಕೊರ್ತೆಸನ ಪತ್ರಗಳಲ್ಲಿ ಈ ದೇವನ ಹೆಸರೇ ಇಲ್ಲ. ಸಾಆಗುನನ ಪುಸ್ತಕವು ಸಿದ್ಧವಾದದ್ದು ಘಟನೆಗಳಾದ ಮೂರು ದಶಕಗಳ ಮೇಲೆ. ಹೇಳಿದವರು ಬಹುಮಟ್ಟಿಗೆ ತ್ಲತೆಲೋಲ್ಕೊ ಎಂಬ ನೆರೆನಗರದವರು. ತೆನೋಚ್ತಿತ್ಲಾನಿನ ಅರಸನ ಮೇಲೆ ಸೋಲಿನ ಹೊರೆಯನ್ನು ಹೊರಿಸಲು ಅವರಿಗೆ ಕಾರಣವಿತ್ತು. ಜೇಮ್ಸ್ ಲಾಕ್‌ಹಾರ್ಟ್, ಕಮಿಲ್ಲಾ ಟೌನ್‌ಸೆಂಡ್, ಮ್ಯಾಥ್ಯೂ ರೆಸ್ಟಾಲ್ ಮೊದಲಾದ ವಿದ್ವಾಂಸರು ಈ ದೇವತ್ವದ ಕಥೆಯು ವಿಜಯಾನಂತರ ಬೆಳೆದುದೆಂದು ತೋರಿಸಿದ್ದಾರೆ. ಆದರೂ ೧೮೪೩ರಲ್ಲಿ ಪ್ರಕಟವಾದ ಪ್ರೆಸ್ಕಾಟನ ಸುಪ್ರಸಿದ್ಧ ಇತಿಹಾಸದಂತಹ ಗ್ರಂಥಗಳಿಂದ ಹಬ್ಬಿದ ಈ ನಂಬಿಕೆಯು ಸುಲಭವಾಗಿ ಅಳಿಯುವಂತೆ ತೋರುವುದಿಲ್ಲ. ಇದು ಬರಿಯ ವಿವರದ ತಪ್ಪಲ್ಲ. ಒಂದು ಜನಾಂಗವು ಉಕ್ಕು, ರೋಗ ಮತ್ತು ನೆರೆಯವರ ಹಗೆತನಗಳಿಂದ ಸೋತಿತೆಂದು ಕಲಿಸುವುದಕ್ಕೂ, ತನ್ನ ಮೌಢ್ಯದಿಂದ ಸೋತಿತೆಂದು ಕಲಿಸುವುದಕ್ಕೂ ಬಹಳ ಅಂತರವಿದೆ. ಎರಡನೆಯದರಲ್ಲಿ ಗೆದ್ದವನ ಅಪರಾಧವು ಸೋತವನ ದೋಷವಾಗಿ ಮಾರ್ಪಡುತ್ತದೆ.

೬

ಮೂಲಪಾಠದ ವಿಚಾರವನ್ನು ಸಂಕ್ಷೇಪವಾಗಿ ಸೂಚಿಸಿ ಮುಗಿಸುತ್ತೇವೆ. ೧೬೩೨ರ ಮುದ್ರಣವನ್ನು ಸಂಪಾದಿಸಿದ ಅಲೋನ್ಸೋ ರೆಮೋನ್ ಮೆರ್ಸಿದಾರಿಯನ್ ಪಂಥದವನು. ಆ ಪಂಥದ ಪಾದ್ರಿ ಓಲ್ಮೆದೋವನ್ನು ಹೊಗಳುವ ಭಾಗಗಳು ಆ ಮುದ್ರಣದಲ್ಲಿ ಸೇರಿಕೊಂಡಿವೆ. ಗ್ವಾಟೆಮಾಲದ ಹಸ್ತಪ್ರತಿಯನ್ನು ಹೆನಾರೋ ಗಾರ್ಸಿಯ ಎಂಬ ವಿದ್ವಾಂಸನು ೧೯೦೪-೦೫ರಲ್ಲಿ ಮೆಕ್ಸಿಕೋದಲ್ಲಿ ಪ್ರಕಟಿಸುವವರೆಗೆ, ‘ನಿಜ’ಚರಿತ್ರೆಯನ್ನು ಲೋಕವು ಪ್ರಕ್ಷಿಪ್ತಗಳೊಡನೆಯೇ ಓದುತ್ತಿತ್ತು. ಪ್ರಕ್ಷೇಪಗಳ ಸಮಸ್ಯೆಯನ್ನು ಬಲ್ಲ ನಮ್ಮ ಗ್ರಂಥಸಂಪಾದಕರಿಗೆ ಇದು ಹೊಸದೆನಿಸದು.

ಈ ವಿಮರ್ಶೆಯಿಂದ ನಮ್ಮ ನಾಡಿನ ಅಭ್ಯಾಸಿಗಳಿಗೂ ಒಂದು ಪ್ರಯೋಜನವುಂಟು. ಬೆರ್ನಾಲನು ತೆನೋಚ್ತಿತ್ಲಾನನ್ನು ಕಂಡ ಕಾಲಕ್ಕೆ ಹೆಚ್ಚುಕಡಮೆ ಸಮೀಪದಲ್ಲಿಯೇ ಪೋರ್ತುಗೀಸನಾದ ಪಾಯೆಸನು ಕೃಷ್ಣದೇವರಾಯನ ವಿಜಯನಗರವನ್ನು ಕಂಡನು. ಕೆಲವು ವರ್ಷಗಳ ಮೇಲೆ ಕುದುರೆಯ ವ್ಯಾಪಾರಿ ನೂನಿಜನು ಅಲ್ಲಿಯೇ ಇದ್ದು ಬರೆದನು. ೧೯೦೦ರಲ್ಲಿ ಸೂವೆಲನು ಇಂಗ್ಲಿಷಿಗೆ ತಂದಂದಿನಿಂದ ಅವರ ಮಾತುಗಳು ನಮ್ಮ ಇತಿಹಾಸಲೇಖನದಲ್ಲಿ ಹಾಸುಹೊಕ್ಕಾಗಿವೆ. ಅವರು ಏನು ಕಂಡರೆಂಬುದರ ಜೊತೆಗೆ, ಯಾರಿಗಾಗಿ ಬರೆದರು, ಏನನ್ನು ಬಯಸಿ ಬರೆದರೆಂದೂ ಕೇಳುವುದು ಅಗತ್ಯ.

ಸಂಸ್ಕೃತದಲ್ಲಿ ‘ನಿಜ’ವೆಂದರೆ ತನ್ನದು, ಕನ್ನಡದಲ್ಲಿ ಆ ಶಬ್ದವು ಸತ್ಯವೆಂಬ ಅರ್ಥವನ್ನೂ ಪಡೆದಿದೆ. ಬೆರ್ನಾಲನ ಗ್ರಂಥಕ್ಕೆ ಈ ಎರಡು ಅರ್ಥಗಳೂ ಸಲ್ಲುತ್ತವೆ. ತನ್ನದನ್ನು ಉಳಿಸಿಕೊಳ್ಳಲು ಬರೆದವನು ದಾರಿಯಲ್ಲಿ ಬಹಳಷ್ಟು ಸತ್ಯವನ್ನೂ ಉಳಿಸಿದನು. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಕೆಲಸವು ವಾಚಕನಿಗೆ ಸೇರಿದ್ದು. ಅದಕ್ಕಾಗಿ ಕೊರ್ತೆಸನ ಎರಡನೆಯ ಪತ್ರ, ಈ ಗ್ರಂಥ ಮತ್ತು ಸಾಆಗುನನ ಹನ್ನೆರಡನೆಯ ಪುಸ್ತಕ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಒಂದೇ ಘಟನೆಯನ್ನು ವಿದ್ಯಾರ್ಥಿಗಳಿಂದ ಓದಿಸುವುದು ಅಧ್ಯಾಪಕರಿಗೆ ಯುಕ್ತವಾದ ಮಾರ್ಗವೆಂದು ನಾವು ಭಾವಿಸುತ್ತೇವೆ. ಯಾವ ಒಂದು ಗ್ರಂಥವೂ ಕಲಿಸಲಾರದ ವಿವೇಕವನ್ನು ಅವುಗಳ ನಡುವಣ ವಿರೋಧವು ಕಲಿಸಬಲ್ಲುದು.