ಏಳುನೂರು ಅಕ್ಷರಗಳ ಸೇವೆ

ಅಂಕಗಳ ಜೊತೆಗೆ ಅಭ್ಯರ್ಥಿಯ ಅನುಭವ, ಸ್ವಭಾವಗಳನ್ನೂ ತೂಗಿ ಸೀಟು ಕೊಡುವ ಅಮೆರಿಕದ ವೈದ್ಯಕೀಯ ಕಾಲೇಜುಗಳ ಕ್ರಮಕ್ಕೆ ‘ಸಮಗ್ರ ಪರಿಶೀಲನೆ’ ಎಂಬ ಹೆಸರಿದೆ. 720 ಅಂಕಗಳ ನೀಟ್ ಪರೀಕ್ಷೆಯೊಂದರಲ್ಲೇ ಭವಿಷ್ಯ ತೀರ್ಮಾನವಾಗುವುದಕ್ಕೆ ಬೇಸತ್ತ ಕರ್ನಾಟಕದ ಪೋಷಕರು ಇದನ್ನು ಮೆಚ್ಚುವುದು ಸಹಜವಾದರೂ, ಆ ಮೆಚ್ಚುಗೆ ಪದ್ಧತಿಯ ಯೋಗ್ಯತೆಯನ್ನು ಮೀರಿದ್ದು.

ಬಹುಪಾಲು ಕಾಲೇಜುಗಳು ಬಳಸುವ ‘ಆಮ್‌ಕಾಸ್’ ಎಂಬ ಸಾಮಾನ್ಯ ಅರ್ಜಿಯಲ್ಲಿ ಗರಿಷ್ಠ 15 ಚಟುವಟಿಕೆಗಳನ್ನು ನಮೂದಿಸಬಹುದು. ಒಂದೊಂದಕ್ಕೂ 700 ಅಕ್ಷರಗಳ ವಿವರಣೆ, ವ್ಯಯಿಸಿದ ಗಂಟೆಗಳ ಲೆಕ್ಕ, ದೃಢೀಕರಿಸಬಲ್ಲವರ ಹೆಸರು ಬೇಕು. ‘ಅತ್ಯಂತ ಅರ್ಥಪೂರ್ಣ’ವೆಂದು ಆರಿಸಿದ ಮೂರಕ್ಕೆ ಇನ್ನೂ 1,325 ಅಕ್ಷರಗಳಿವೆ. ವೃದ್ಧರ ಶುಶ್ರೂಷಾಲಯವೊಂದರಲ್ಲಿ ಎರಡು ವರ್ಷ ಸಂಬಳಕ್ಕೆ ಸಹಾಯಕಿಯಾಗಿ ದುಡಿದು, ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದ ವಿದ್ಯಾರ್ಥಿನಿಗೆ ಈ ಅರ್ಜಿಯಲ್ಲಿ ಸಿಗುವುದು ಒಂದು ನಮೂದು. ಅಷ್ಟೇ ಕಾಲದಲ್ಲಿ ವೈದ್ಯರ ಹಿಂದೆ ನಿಂತು ಕೆಲಸ ನೋಡುವ ‘ಶ್ಯಾಡೋಯಿಂಗ್’, ಪ್ರಯೋಗಾಲಯ, ಸಂಘದ ಪದಾಧಿಕಾರ, ಪಾಠ ಹೇಳುವುದು ಎಂದು ಹಂಚಿಕೊಂಡವನಿಗೆ ನಾಲ್ಕು. ಸಂಖ್ಯೆಗಿಂತ ಗುಣ ಮುಖ್ಯವೆಂದು ಸಲಹೆಗಾರರು ಹೇಳುತ್ತಾರೆ, ನಿಜ. ಆದರೆ ಖಾಲಿ ಉಳಿದ ಜಾಗಗಳನ್ನು ಎದುರಿಗಿಟ್ಟುಕೊಂಡ ಇಪ್ಪತ್ತರ ಪ್ರಾಯದವರಿಗೆ ಆ ಮಾತು ನಾಟುವುದಿಲ್ಲ.

ವೈದ್ಯಕೀಯಕ್ಕೆ ಮೊದಲು ಓದುವ ಪದವಿಯ ಐಚ್ಛಿಕ ವಿಷಯಗಳ ಆಯ್ಕೆಯಲ್ಲಿ ಗೊಂದಲ ಇನ್ನೂ ಸ್ಪಷ್ಟ. 2015ರಲ್ಲಿ ಪರಿಷ್ಕೃತವಾದ ಎಂಕ್ಯಾಟ್ ಪ್ರವೇಶ ಪರೀಕ್ಷೆ ಮನೋವಿಜ್ಞಾನ, ಸಮಾಜಶಾಸ್ತ್ರಗಳಿಗೆ ನಾಲ್ಕರಲ್ಲಿ ಒಂದು ವಿಭಾಗವನ್ನೇ ಮೀಸಲಿಟ್ಟಿತು. ಆದರೆ ಅರ್ಜಿಯಲ್ಲಿ ಪ್ರತ್ಯೇಕವಾಗಿ ಲೆಕ್ಕ ಹಾಕುವ ವಿಜ್ಞಾನದ ಸರಾಸರಿಗೆ ಸೇರುವುದು ಜೀವವಿಜ್ಞಾನ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತಗಳು ಮಾತ್ರ. ಸಂಖ್ಯಾಶಾಸ್ತ್ರ ಗಣಿತದ ಹೆಸರಿನಲ್ಲಿ ಒಳಗೆ ಬರುತ್ತದೆ, ಮನೋವಿಜ್ಞಾನ ಹೊರಗೇ ಉಳಿಯುತ್ತದೆ. ಹೀಗಿರುವಾಗ ವಿದ್ಯಾರ್ಥಿ ಐಚ್ಛಿಕವನ್ನು ಆಸಕ್ತಿಯಿಂದಲ್ಲ, ಸರಾಸರಿ ಏರಿಸುವ ಉಪಾಯವಾಗಿ ಆರಿಸಿಕೊಂಡರೆ ದೂರಬೇಕಾದದ್ದು ಅವನನ್ನಲ್ಲ.

ಸಾಹಿತ್ಯ, ತತ್ತ್ವಶಾಸ್ತ್ರಗಳನ್ನು ಓದಿಸಿದರೆ ಎಲ್ಲ ಸರಿಹೋಗುತ್ತದೆಂಬ ವಿಮರ್ಶಕರ ಪಕ್ಷ ಹಳೆಯದು. ವೈದ್ಯ ಹಾಗೂ ಪ್ರಬಂಧಕಾರ ಲೂಯಿಸ್ ಥಾಮಸ್ 1978ರಲ್ಲಿ, ತಮ್ಮನ್ನು ‘ಪ್ರೀಮೆಡ್’ (ವೈದ್ಯಕೀಯ ಪ್ರವೇಶಕ್ಕೆ ಅಣಿಯಾಗುವವರು) ಎಂದು ಕರೆದುಕೊಳ್ಳುವವರಿಗೆ ಪ್ರವೇಶವನ್ನೇ ನಿರಾಕರಿಸಿ, ಪ್ರಾಚೀನ ಗ್ರೀಕನ್ನು ಪದವಿ ಶಿಕ್ಷಣದ ತಿರುಳಾಗಿಸಬೇಕೆಂದು ಸೂಚಿಸಿದ್ದರು. ಚುರುಕಾದ ಬರಹ, ದುರ್ಬಲ ಪರಿಹಾರ: ಗ್ರೀಕ್ ಬಲ್ಲವರಿಗೆ ಸೀಟು ಎಂದಾದ ಮರುವರ್ಷವೇ ಗ್ರೀಕಿಗೂ ಕೋಚಿಂಗ್ ಶುರುವಾಗುತ್ತದೆ. ಈ ಪಕ್ಷದವರು ಮುಂದಿಡುವ ನಿದರ್ಶನ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜಿನದು. ಅದು 1987ರಿಂದ ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆ ಪದವಿಯ ನಡುವೆಯೇ, ಎಂಕ್ಯಾಟ್ ಇಲ್ಲದೆ, ಸಾವಯವ ರಸಾಯನಶಾಸ್ತ್ರದ ಕಡ್ಡಾಯವೂ ಇಲ್ಲದೆ ಸೀಟು ಖಚಿತಪಡಿಸಿತು. ಅವರು ಉಳಿದವರಿಗೆ ಸರಿಸಮನಾಗಿ ಸಾಧಿಸಿದರೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಇದು ಸಾಹಿತ್ಯದ ಗೆಲುವೆಂದು ಬಗೆಯುವವರು ಮುಖ್ಯ ಅಂಶವನ್ನೇ ಕಡೆಗಣಿಸಿದ್ದಾರೆ: ಆ ವಿದ್ಯಾರ್ಥಿಗಳಿಗೆ ಸೀಟು ಮೊದಲೇ ದಕ್ಕಿತ್ತು, ಮುಂದಿನ ಓದು ಯಾವ ಅರ್ಜಿಗೂ ಉತ್ತರಿಸಬೇಕಾಗಿರಲಿಲ್ಲ.

ಆದ್ದರಿಂದ ತಿದ್ದಬೇಕಾದದ್ದು ವಿದ್ಯಾರ್ಥಿಯ ಆಯ್ಕೆಯನ್ನಲ್ಲ, ಅರ್ಜಿಯನ್ನು. ಹದಿನೈದು ನಮೂದುಗಳನ್ನು ಮೂರಕ್ಕಿಳಿಸಿ, ಗಂಟೆಗಳ ಅಂಕಣವನ್ನು ತೆಗೆದುಹಾಕುವವರೆಗೆ ಈ ಪರಿಶೀಲನೆಗೆ ಸಮಗ್ರವೆಂಬ ಹೆಸರು ಸಲ್ಲದು.