ನಿಕೊಲಾಯ್ ಮೆಟ್ನರ್: ನಿಷ್ಠೆಯೂ ಮಿತಿಯೂ

ರಷ್ಯದ ಪಿಯಾನೋ ವಾದಕನೂ ಸಂಗೀತ ರಚನಕಾರನೂ ಆದ ನಿಕೊಲಾಯ್ ಮೆಟ್ನರನ (1880–1951) ಹೆಸರು ಕನ್ನಡನಾಡಿನಲ್ಲಿ ಕೇಳಿಬರುವುದು ಬಹುಮಟ್ಟಿಗೆ ಒಂದೇ ಕಾರಣದಿಂದ. ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ತಮ್ಮ ದ್ರವ್ಯಸಹಾಯದಿಂದ ಅವನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಣ ಮಾಡಿಸಿದರು. ಈ ಔದಾರ್ಯವನ್ನು ಸ್ಮರಿಸುವವರು ಹಲವರಿದ್ದಾರೆ. ಅದಕ್ಕೆ ಪಾತ್ರವಾದ ಸಂಗೀತದ ಯೋಗ್ಯತೆ ಏನೆಂದು ವಿಚಾರಿಸುವವರು ವಿರಳ. ಪೋಷಕನ ಕೀರ್ತಿಯು ಕೃತಿಯ ಬೆಲೆಯನ್ನು ನಿರ್ಣಯಿಸಲಾರದು. ಆದುದರಿಂದ ಮೆಟ್ನರನನ್ನು ಅವನ ಕೃತಿಗಳಿಂದಲೇ ಅಳೆಯುವುದು ಇಲ್ಲಿ ನಮ್ಮ ಉದ್ದೇಶ.

ಮಾಸ್ಕೋದಲ್ಲಿ ಜನಿಸಿದ ಮೆಟ್ನರ್ ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಸಫೋನೊವನ ಬಳಿ ಪಿಯಾನೋ ಅಭ್ಯಾಸಮಾಡಿ 1900ರಲ್ಲಿ ವ್ಯಾಸಂಗವನ್ನು ಮುಗಿಸಿದನು. ವಾದಕನಾಗಿ ದೇಶಸಂಚಾರಮಾಡಿ ಹೆಸರು ಗಳಿಸುವ ಮಾರ್ಗ ಅವನಿಗೆ ತೆರೆದಿತ್ತು. ಅವನಾದರೋ ರಚನೆಯನ್ನೇ ತನ್ನ ಮುಖ್ಯ ಕಾರ್ಯವೆಂದು ಬಗೆದನು. ಕ್ರಾಂತಿಯ ತರುವಾಯ 1921ರಲ್ಲಿ ರಷ್ಯವನ್ನು ತೊರೆದು, ಜರ್ಮನಿ ಫ್ರಾನ್ಸ್‌ಗಳಲ್ಲಿ ಕೆಲಕಾಲವಿದ್ದು, ಕಡೆಗೆ ಲಂಡನ್ನಿನಲ್ಲಿ ನೆಲಸಿದನು. ಅದು ಸ್ಟ್ರವಿನ್‌ಸ್ಕಿ, ಷೋನ್‌ಬರ್ಗ್ ಮೊದಲಾದವರು ಪಾಶ್ಚಾತ್ಯ ಸಂಗೀತದ ತಳಹದಿಯನ್ನೇ ಅಲುಗಿಸುತ್ತಿದ್ದ ಕಾಲ. ಮೆಟ್ನರ್ ಆ ಪ್ರವಾಹಕ್ಕೆ ಇಳಿಯಲಿಲ್ಲ. ದಡದಲ್ಲಿ ನಿಂತವನನ್ನು ಕಾಲವು ಬೇಗನೆ ಮರೆಯಿತು.

ಅವನು ಬರೆದುದು ಹದಿನಾಲ್ಕು ಪಿಯಾನೋ ಸೊನಾಟಾಗಳು, ಮೂರು ಕನ್ಚೆರ್ಟೊಗಳು, ನೂರಕ್ಕೂ ಮಿಕ್ಕ ಗೀತಗಳು, ಪಿಟೀಲಿನ ಕೆಲವು ಕೃತಿಗಳು, 'ಸ್ಕಾಜ್ಕಿ' ಅಥವಾ ಕಥೆಗಳೆಂದು ಕರೆದ ಕಿರುರಚನೆಗಳು. ಪಿಯಾನೋ ಇಲ್ಲದ ಕೃತಿ ಇವುಗಳಲ್ಲಿ ಒಂದೂ ಇಲ್ಲ. ಅವನ ಶಕ್ತಿಯ ಮೂಲ ಇದೇ. ಮಿತಿಯ ಮೂಲವೂ ಇದೇ. ತ್ಯೂಚೆವ್ ಕವಿಯ ಪದ್ಯವೊಂದನ್ನು ಶಿರೋಲೇಖವಾಗಿ ಉಳ್ಳ 'ಇರುಳ ಗಾಳಿ' ಸೊನಾಟಾವು ಅರ್ಧಗಂಟೆಗೂ ಮೀರಿ ಹರಿಯುತ್ತದೆ. ಆರಂಭದ ಸಣ್ಣ ಸ್ವರಗುಚ್ಛವೇ ಇಷ್ಟು ದೊಡ್ಡ ಸೌಧಕ್ಕೆ ಆಧಾರವಾಗಿರುವುದನ್ನು ಕಂಡಾಗ, ನಮ್ಮವರಿಗೆ ರಾಗಾಲಾಪನೆಯನ್ನು ನೆನೆಯುವ ಆಸೆಯಾಗಬಹುದು. ಆದರೆ ಈ ಹೋಲಿಕೆ ಬಹುದೂರ ಸಾಗದು. ಆಲಾಪನೆಯಲ್ಲಿ ಒಂದೇ ಎಳೆಯು ಬೆಳೆಯುತ್ತದೆ. ಇಲ್ಲಿ ಹಲವು ಎಳೆಗಳು ಏಕಕಾಲದಲ್ಲಿ ಹೆಣೆದುಕೊಳ್ಳುತ್ತವೆ, ಅವುಗಳ ಘರ್ಷಣೆಯಿಂದಲೇ ಭಾವವು ಹುಟ್ಟುತ್ತದೆ. 'ಸ್ಮರಣೆ'ಯ ಸೊನಾಟಾದಲ್ಲಿ ಮೊದಲ ರಾಗಖಂಡವು ಮತ್ತೆ ಮತ್ತೆ ಮರಳುತ್ತದೆ. ಸ್ವರಗಳು ಅವೇ, ನಡುವೆ ನಡೆದುದನ್ನು ಕೇಳಿದ ನಮಗೆ ಅವುಗಳ ಅರ್ಥ ಮಾತ್ರ ಬೇರೆಯಾಗಿರುತ್ತದೆ. ರಚನಾಬಂಧವೇ ಭಾವವಾಗುವುದೆಂದರೆ ಇದು.

ತನ್ನ ನಿಲುವಿಗೆ ಮೆಟ್ನರ್ ಒಂದು ಸಿದ್ಧಾಂತವನ್ನೂ ಕಟ್ಟಿದನು. 'ಕಲಾದೇವಿ ಮತ್ತು ಫ್ಯಾಷನ್' ಎಂಬರ್ಥದ ಅವನ ಗ್ರಂಥವನ್ನು 1935ರಲ್ಲಿ ಅವನ ಮಿತ್ರನಾದ ರಹ್ಮಾನಿನೊವ್ ತನ್ನ ಪ್ಯಾರಿಸಿನ ಪ್ರಕಾಶನದಿಂದ ಹೊರತಂದನು. ಸಂಗೀತಕ್ಕೆ ಸನಾತನ ನಿಯಮಗಳುಂಟು, ನವೀನರು ಅವನ್ನು ಮುರಿದು ಕಲೆಗೆ ದ್ರೋಹವೆಸಗಿದರು ಎಂಬುದು ಅದರ ತಾತ್ಪರ್ಯ. ಈ ವಾದವನ್ನು ನಾವು ಒಪ್ಪಲಾರೆವು. ಒಂದು ಯುಗದ ವ್ಯಾಕರಣವನ್ನು ಎಲ್ಲ ಯುಗಗಳ ವ್ಯಾಕರಣವೆಂದು ಸಾರುವುದು ಲಕ್ಷ್ಯಕ್ಕಿಂತ ಲಕ್ಷಣವನ್ನು ಮುಂದಿಟ್ಟಂತೆ. ಬೀಥೋವನನೂ ತನ್ನ ಕಾಲದ ಕಿವಿಗಳಿಗೆ ಒಗ್ಗದ ಸ್ವರಗಳನ್ನು ಬರೆದವನೇ. ಆದರೆ ಸಿದ್ಧಾಂತವು ಬಿದ್ದರೆ ಕೃತಿಯೂ ಬೀಳಬೇಕೆಂದಿಲ್ಲ. ಇತರರಿಗೆ ವಿಧಿಸಿದಾಗ ಸಂಕುಚಿತವಾಗಿ ತೋರುವ ನಿಯಮವೇ ತನಗೆ ವಿಧಿಸಿಕೊಂಡಾಗ ತಪಸ್ಸಾಗಬಲ್ಲದು.

ಹಾಗೆಂದು ಅವನು ಪಡೆದ ಉಪೇಕ್ಷೆಯ ಹೊಣೆಯನ್ನೆಲ್ಲ ಕಾಲದ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅವನ ಕನ್ಚೆರ್ಟೊಗಳಲ್ಲಿ ವಾದ್ಯವೃಂದವು ಪಿಯಾನೋವಿನ ನೆರಳಾಗಿ ನಡೆಯುವುದೇ ಹೆಚ್ಚು. ವಾದ್ಯಗಳ ವರ್ಣವೈವಿಧ್ಯ ಅಲ್ಲಿ ವಿರಳ. ಎರಡನೆಯ ಕನ್ಚೆರ್ಟೊವನ್ನು ಅವನು ರಹ್ಮಾನಿನೊವನಿಗೆ ಅರ್ಪಿಸಿದನು, ರಹ್ಮಾನಿನೊವ್ ತನ್ನ ನಾಲ್ಕನೆಯದನ್ನು ಇವನಿಗೆ. ಆದರೆ ಮೊದಲ ಶ್ರವಣದಲ್ಲೇ ಹೃದಯವನ್ನು ಸೆಳೆಯುವ ಮಿತ್ರನ ರಾಗಶಕ್ತಿ ಇವನಿಗೆ ಒಲಿಯಲಿಲ್ಲ. ಮೆಟ್ನರ್ ಎರಡನೆಯ, ಮೂರನೆಯ ಶ್ರವಣವನ್ನು ಬೇಡುವ ರಚನಕಾರ.

ಆ ಮರುಶ್ರವಣವನ್ನು ಸಾಧ್ಯಗೊಳಿಸಿದುದೇ ಮೈಸೂರಿನ ಕೊಡುಗೆ. 1947ರಲ್ಲಿ, ವಯಸ್ಸೂ ಅನಾರೋಗ್ಯವೂ ಬಾಧಿಸುತ್ತಿದ್ದಾಗ, ಮೆಟ್ನರ್ ತನ್ನ ಮೂರು ಕನ್ಚೆರ್ಟೊಗಳನ್ನೂ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ತಾನೇ ನುಡಿಸಿ ಮುದ್ರಿಸಿದನು. ಮೂರನೆಯದು ಮಹಾರಾಜರಿಗೇ ಅರ್ಪಿತವಾದುದು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಗೀತ'ಗಳು ಮೊದಲ ಬಾರಿಗೆ ಕೇಳಿಬಂದುದಕ್ಕೂ ಒಡೆಯರ ಧನವೇ ಒತ್ತಾಸೆಯಾಗಿತ್ತು. ಸ್ಟ್ರಾಸ್‌ನ ಮಾರ್ಗವು ಮೆಟ್ನರನಿಗೆ ಸಮ್ಮತವಾದುದಲ್ಲ. ಸ್ವತಃ ಕರ್ನಾಟಕ ಸಂಗೀತದಲ್ಲಿ 'ಶ್ರೀವಿದ್ಯಾ' ಅಂಕಿತದಿಂದ 94 ಕೃತಿಗಳನ್ನು ರಚಿಸಿದ ಈ ರಸಿಕರ ಅಭಿರುಚಿ, ತಾವು ಪೋಷಿಸಿದ ಕಲಾವಿದನ ಸಿದ್ಧಾಂತಕ್ಕಿಂತ ವಿಶಾಲವಾಗಿತ್ತು.

ವಿಮರ್ಶೆಗೆ ಇದರಲ್ಲಿ ಒಂದು ಪಾಠವಿದೆ. ಮೆಟ್ನರನನ್ನು ಮೆಚ್ಚಲು ಅವನ ವೈರಿಗಳನ್ನು ನಮ್ಮ ವೈರಿಗಳನ್ನಾಗಿ ಮಾಡಿಕೊಳ್ಳಬೇಕಾಗಿಲ್ಲ. ಅವನ ಗ್ರಂಥವನ್ನು ಇಂದು ಚರಿತ್ರೆಯ ಸಾಕ್ಷ್ಯವಾಗಿ ಓದಿದರೆ ಸಾಕು. ಸೊನಾಟಾಗಳನ್ನಾದರೋ ಸಂಗೀತವಾಗಿಯೇ ಕೇಳಬೇಕು.